ಸರ್ಪಗಂಧಿಯ ಸತ್ತ್ವಶೋಧಕರಾದ ಸಲೀಮುಜ್ಜಮಾನ್ ಸಿದ್ದೀಕಿಯವರು



ಒಂದು ಬೇರಿಗೆ ಒಂದೇ ಹೆಸರಿದ್ದ ಮಾತ್ರಕ್ಕೆ ಅದರೊಳಗೆ ಒಂದೇ ವಸ್ತುವಿರುವುದೆಂದು ಭಾವಿಸಲಾಗದು. ಸರ್ಪಗಂಧಿಯ ಬೇರನ್ನು ಭರತಖಂಡದ ವೈದ್ಯರು ಬಹುಕಾಲದಿಂದ ಉನ್ಮಾದಕ್ಕೂ ನಿದ್ರಾನಾಶಕ್ಕೂ ಕೊಡುತ್ತ ಬಂದಿದ್ದರು. ಅದು ಫಲಿಸುವುದೆಂಬುದು ಅವರಿಗೆ ಅನುಭವಸಿದ್ಧವಾಗಿದ್ದಿತು. ಬೇರಿನೊಳಗೆ ಫಲಕಾರಿಯಾದ ವಸ್ತು ಯಾವುದೆಂಬುದು ಮಾತ್ರ ತಿಳಿಯದೆ ಇದ್ದಿತು. ಈ ಪ್ರಶ್ನೆಗೆ ಕೈಹಾಕಿದವರಲ್ಲಿ ಡಾಕ್ಟರ್ ಸಲೀಮುಜ್ಜಮಾನ್ ಸಿದ್ದೀಕಿಯವರು ಅಗ್ರಗಣ್ಯರು.

ಅವರು 1897ರಲ್ಲಿ ಲಖನೌ ಸಮೀಪದ ಬಾರಾಬಂಕಿ ಜಿಲ್ಲೆಯಲ್ಲಿ ಜನಿಸಿದರು. ಅಲೀಗಢದಲ್ಲಿ ಓದಿದುದು ತತ್ತ್ವಶಾಸ್ತ್ರ ಮತ್ತು ಪಾರಸೀ ಭಾಷೆ. 1920ರಲ್ಲಿ ವೈದ್ಯವಿದ್ಯೆಗೆಂದು ಲಂಡನ್ನಿಗೆ ತೆರಳಿದವರು ಮರುವರ್ಷವೇ ಜರ್ಮನಿಯ ಫ್ರಾಂಕ್‌ಫರ್ಟ್ ಸೇರಿ, ಅಲ್ಲಿ ರಸಾಯನಶಾಸ್ತ್ರದಲ್ಲಿ 1927ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಚಿತ್ರಕಲೆಯಲ್ಲಿಯೂ ನಿಪುಣರು, 1924ರಲ್ಲಿ ಅದೇ ನಗರದಲ್ಲಿ ಅವರ ಚಿತ್ರಗಳ ಪ್ರದರ್ಶನವು ನಡೆದಿದ್ದಿತು. ಸ್ವದೇಶಕ್ಕೆ ಮರಳಿದ ಬಳಿಕ ದಿಲ್ಲಿಯ ಆಯುರ್ವೇದ ಮತ್ತು ಯುನಾನೀ ತಿಬ್ಬೀ ಕಾಲೇಜಿನಲ್ಲಿ ಸಂಶೋಧನಶಾಲೆಯನ್ನು ಕಟ್ಟುವ ಭಾರವು ಅವರ ಪಾಲಿಗೆ ಬಂದಿತು. ಇದಕ್ಕೆ ಪ್ರೇರಕರು ಪ್ರಸಿದ್ಧ ಯುನಾನೀ ವೈದ್ಯರಾದ ಹಕೀಮ್ ಅಜ್ಮಲ್ ಖಾನರು. ಆದರೆ ಹಕೀಮರು 1927ರ ಡಿಸೆಂಬರಿನಲ್ಲಿಯೇ ಕಾಲವಾದರು.

ಸಸ್ಯಸತ್ತ್ವವನ್ನು ಬೇರ್ಪಡಿಸುವ ಕಾರ್ಯವು ತಾಳ್ಮೆಯನ್ನು ಬೇಡುವಂಥದು. ಒಣಗಿದ ಬೇರನ್ನು ಕುಟ್ಟಿ ಮದ್ಯಸಾರದಲ್ಲಿ ನೆನೆಯಿಡುವರು; ಬಂದ ರಸವನ್ನು ಬತ್ತಿಸಿ ಆಮ್ಲದಲ್ಲಿ ಕರಗಿಸುವರು; ಕ್ಷಾರವನ್ನು ಬೆರೆಸಿ ಸತ್ತ್ವವನ್ನು ತಳಕ್ಕಿಳಿಸುವರು. ಹೀಗೆ ದೊರೆತುದೂ ಮಿಶ್ರಣವೇ. ಅದನ್ನು ಮರಳಿ ಮರಳಿ ಶೋಧಿಸಿ ಹರಳುಗಟ್ಟಿಸಿದಲ್ಲದೆ ಶುದ್ಧವಸ್ತುವು ಕೈಗೆ ಬಾರದು. ಸಿದ್ದೀಕಿಯವರು ಆರ್. ಎಚ್. ಸಿದ್ದೀಕಿಯವರೊಡನೆ ದುಡಿದು, 1931ರಲ್ಲಿ ಸರ್ಪಗಂಧಿಯ ಆಲ್ಕಲಾಯ್ಡ್‌ಗಳನ್ನು, ಅಂದರೆ ಕ್ಷಾರಗುಣದ ಸತ್ತ್ವಗಳನ್ನು, ಪ್ರಕಟಿಸಿದರು. ಬಿಳಿಯ ವರ್ಗಕ್ಕೆ ಅಜ್ಮಲೀನ್ ಮೊದಲಾದ ಹೆಸರುಗಳನ್ನೂ ಹಳದಿಯ ವರ್ಗಕ್ಕೆ ಸರ್ಪೆಂಟೀನ್ ಮೊದಲಾದುವನ್ನೂ ಇಟ್ಟರು. ಅಜ್ಮಲೀನ್ ಎಂಬುದು ದಿವಂಗತ ಹಕೀಮರ ಸ್ಮರಣೆ. ತನ್ನ ಹೆಸರನ್ನಿಡಬಹುದಾದಲ್ಲಿ ಉಪಕಾರಿಯ ಹೆಸರನ್ನಿಟ್ಟ ಈ ಸೌಜನ್ಯವು ವಿದ್ವಾಂಸರಲ್ಲಿ ಅಷ್ಟು ಸುಲಭವಾಗಿ ಕಾಣಸಿಗುವುದಲ್ಲ.

ಇಲ್ಲಿ ಒಂದು ಆಕ್ಷೇಪವುಂಟು. ಅದೇ 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು ಈ ಬೇರು ರಕ್ತದ ಒತ್ತಡವನ್ನು ತಗ್ಗಿಸುವುದೆಂದು ಬರೆದರು. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು ಅದನ್ನು ಆಂಗ್ಲ ಹೃದ್ರೋಗಪತ್ರಿಕೆಯಲ್ಲಿ ಸಪ್ರಮಾಣವಾಗಿ ಸಾರಿದರು. ಆದರೆ ಆ ಗುಣಕ್ಕೆ ಮುಖ್ಯ ಕಾರಣವಾದ ರಿಸರ್ಪೀನ್ ದೊರೆತುದು ದಿಲ್ಲಿಯಲ್ಲಲ್ಲ, 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಸಂಸ್ಥೆಯಲ್ಲಿ. ಮುಖ್ಯವಾದುದೇ ಸಿದ್ದೀಕಿಯವರ ಕೈತಪ್ಪಿತಲ್ಲವೇ ಎಂದು ಕೇಳುವವರುಂಟು. ಈ ಮಾತು ವಿಚಾರಕ್ಕೆ ನಿಲ್ಲದು. ಅವರು ತೆಗೆದ ಹರಳುಗಳು ನಿದ್ರಾಗುಣವನ್ನು ವಿವರಿಸಲಾರದೆ ಹೋದುದರಿಂದಲೇ ಮುಂದಿನವರು ಉಳಿದ ರಾಳದ ಭಾಗವನ್ನು ಅರಸಿದರು. ಇಲ್ಲಿಲ್ಲವೆಂದು ನಿಶ್ಚಯವಾಗಿ ತೋರಿಸುವುದೂ ಶಾಸ್ತ್ರದಲ್ಲಿ ಒಂದು ಸಿದ್ಧಿಯೇ ಸರಿ.

ಅಜ್ಮಲೀನಾದರೂ ವ್ಯರ್ಥವಾಗಲಿಲ್ಲ. ಅದು ಹೃದಯದ ಬಡಿತದ ತಾಳವನ್ನು ತಿದ್ದುವ ಔಷಧವಾಯಿತು. 1992ರಲ್ಲಿ ಬ್ರುಗಾಡಾ ಸೋದರರು ವಿವರಿಸಿದ, ಅಕಸ್ಮಾತ್ ಮರಣವನ್ನು ತರಬಲ್ಲ ಹೃದ್ರೋಗದ ಅಡಗಿದ ಲಕ್ಷಣವನ್ನು ಹೊರಗೆಡಹಲು ಇಂದಿಗೂ ವೈದ್ಯರು ಅದನ್ನು ಎಚ್ಚರಿಕೆಯಿಂದ ರಕ್ತನಾಳಕ್ಕೆ ಚುಚ್ಚಿ ಪರೀಕ್ಷಿಸುವರು.

ಬಳಿಕ ಅವರ ದೃಷ್ಟಿಯು ಬೇವಿನ ಕಡೆಗೆ ತಿರುಗಿತು. ಬೇವಿನೆಣ್ಣೆಯಿಂದ ನಿಂಬಿನ್, ನಿಂಬಿನಿನ್, ನಿಂಬಿಡಿನ್ ಎಂಬ ಮೂರು ಕಹಿಸತ್ತ್ವಗಳನ್ನು ಬೇರ್ಪಡಿಸಿ, 1942ರಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಯುಗಾದಿಯಂದು ಬೇವುಬೆಲ್ಲವನ್ನು ಸವಿಯುವ ಕನ್ನಡನಾಡಿನಿಂದಲೇ ಬೇವಿನ ಕಹಿಯ ಈ ವಿವರಣೆಯು ಲೋಕಕ್ಕೆ ಹೊರಟಿತೆಂಬುದು ಸಂತೋಷದ ಸಂಗತಿ.

1951ರಲ್ಲಿ ಅವರು ಪಾಕಿಸ್ತಾನಕ್ಕೆ ತೆರಳಿ, ಅಲ್ಲಿಯ ವಿಜ್ಞಾನ ಮತ್ತು ಕೈಗಾರಿಕಾ ಸಂಶೋಧನ ಮಂಡಲಿಯನ್ನು ಕಟ್ಟಿದರು. 1961ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವರನ್ನು ಸದಸ್ಯರನ್ನಾಗಿ ಆರಿಸಿತು. ಅಧಿಕಾರದಿಂದ ನಿವೃತ್ತರಾದ ಬಳಿಕವೂ ಕರಾಚಿ ವಿಶ್ವವಿದ್ಯಾಲಯದಲ್ಲಿ ರಸಾಯನ ಸಂಶೋಧನಶಾಲೆಯನ್ನು ಬೆಳೆಯಿಸಿದರು. ಎಂಬತ್ತು ದಾಟಿದ ವಯಸ್ಸಿನಲ್ಲಿಯೂ ಬೇವಿನ ಕುರಿತಾದ ಲೇಖನಗಳು ಅವರ ಹೆಸರಿನಿಂದ ಹೊರಡುತ್ತಿದ್ದುವು. 1994ರ ಏಪ್ರಿಲ್ 14ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ, ಕರಾಚಿಯಲ್ಲಿ ದೇಹವನ್ನು ಬಿಟ್ಟರು.