ಮರ ನಿಂತ ನೆಲ, ಬೀಜ ಬೇರೂರುವ ನೆಲ



ಕಾಡುಮರಗಳ ಬೀಜ ಮತ್ತು ಸಸಿಗಳ ಈ ಪ್ರದರ್ಶನವನ್ನು ಕರಾವಳಿಯ ವಾಮಂಜೂರಿನಲ್ಲಿ ಉದ್ಘಾಟಿಸುವ ಗೌರವವನ್ನು ನನಗೆ ದಯಪಾಲಿಸಿದ ತಮಗೆಲ್ಲ ವಂದನೆಗಳು. ದೀಪ ಬೆಳಗುವುದಕ್ಕೆ ಮುನ್ನ ಅಲ್ಲಿಯ ಮೇಜಿನ ಮೇಲಿದ್ದ ಧೂಪದ ಕಾಯಿಯೊಂದನ್ನು ಕೈಗೆತ್ತಿಕೊಂಡೆ. ಕೆಳಗಿಡಲು ಇನ್ನೂ ಮನಸ್ಸಾಗಿಲ್ಲವಾದುದರಿಂದ, ತಾವು ಕ್ಷಮಿಸುವುದಾದರೆ, ಇದನ್ನು ಹಿಡಿದುಕೊಂಡೇ ನಾಲ್ಕು ಮಾತುಗಳನ್ನಾಡುತ್ತೇನೆ.

ಹೆಚ್ಚುಕಡಮೆ ಕೋಳಿಮೊಟ್ಟೆಯ ಗಾತ್ರದ, ಕಂದುಬಣ್ಣದ ಈ ಕಾಯಿಯ ಸಿಪ್ಪೆ ಬಿರಿದು ಒಳಗಿನಿಂದ ಮೊಳಕೆ ಆಗಲೇ ಇಣುಕುತ್ತಿದೆ. ದೇವರ ಮುಂದೆ ಉರಿಸುವ ರಾಳವನ್ನು ನಮಗೆ ನೀಡುವ ಈ ಮಹಾವೃಕ್ಷವು ಮುಂಗಾರಿನ ಹೊತ್ತಿಗೆ ಸರಿಯಾಗಿ ಕಾಯಿಗಳನ್ನುದುರಿಸುವುದರಲ್ಲಿ ಅರ್ಥವುಂಟು. ಏಕೆಂದರೆ ಕಣಜದ ಭತ್ತದಂತೆ ಸುಸಮಯಕ್ಕಾಗಿ ಕಾದಿರುವ ಶಕ್ತಿ ಇದರ ಬೀಜಕ್ಕಿಲ್ಲ, ಒಣಗಿದರೆ ಸತ್ತಿತೆಂದೇ ಲೆಕ್ಕ. ದೂರ ಸಾಗುವ ಉಪಾಯವೂ ಇದಕ್ಕಿಲ್ಲ. ಆಟಿ ತಿಂಗಳ ಅಮಾವಾಸ್ಯೆಯ ಮುಂಜಾವದಲ್ಲಿ ಮುಖ ಕಿವುಚಿಕೊಂಡು ನಾವು ಕುಡಿಯುವ ಕಷಾಯದ ಪಾಲೆಮರವಾದರೋ ತನ್ನ ಬೀಜದ ತುದಿಗಳಿಗೆ ಕೂದಲಿನ ಕುಚ್ಚನ್ನು ಕಟ್ಟಿ ಗಾಳಿಗೆ ಬಿಡುತ್ತದೆ. ಧೂಪದ ಕಾಯಿ ಬೀಳುವುದು ತಾಯಿಯ ನೆರಳಿನಲ್ಲಿ.

ಈ ಕಾಯಿ ನೆಚ್ಚಿದ ಮುಂಗಾರಾದರೂ ಹೊತ್ತಿಗೆ ಸರಿಯಾಗಿ ಬರುತ್ತದೆಯೆ? ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಬಂದದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೆ. 2023ರ ಆಗಸ್ಟಂತೂ 1901ರಿಂದೀಚೆಗೆ ನಮ್ಮ ದೇಶ ಕಂಡ ಅತ್ಯಂತ ಶುಷ್ಕವಾದ ಆಗಸ್ಟ್. ಒಂದೆರಡು ವರ್ಷಗಳನ್ನು ನೋಡಿ ವಾಯುಗುಣವೇ ಮಾರ್ಪಟ್ಟಿತೆಂದು ಸಾರುವುದು ಅವಿವೇಕವೆಂಬುದನ್ನು ಬಲ್ಲೆ. ಆದರೆ ಭೂಮಿ ಬಿಸಿಯಾಗುತ್ತ, ಇಂತಹ ಏರುಪೇರು ಮತ್ತೆ ಮತ್ತೆ ಮರುಕಳಿಸಿದಲ್ಲಿ, ನಿಂತ ಮರಕ್ಕೆ ಏನೂ ಆಗದೆಯೂ ಅದರ ಕೆಳಗಣ ಸಸಿಗಳ ಸಂತತಿ ಸದ್ದಿಲ್ಲದೆ ಅಳಿದುಹೋಗಬಹುದಷ್ಟೆ. ಎಷ್ಟು ಮಳೆ ಬಿದ್ದಿತೆಂಬುದಕ್ಕಿಂತ ಎಷ್ಟು ತಿಂಗಳು ಬೀಳಲಿಲ್ಲವೆಂಬುದೇ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ವೃಕ್ಷಗಳಿಗೆ ಎಲ್ಲೆಯನ್ನು ಹಾಕುವುದು. ದಕ್ಷಿಣದಿಂದ ಉತ್ತರಕ್ಕೆ ಸಾಗಿದಂತೆ ಮಳೆಯಿಲ್ಲದ ತಿಂಗಳುಗಳು ಹೆಚ್ಚುತ್ತವೆ, ಮರಜಾತಿಗಳು ಒಂದೊಂದಾಗಿ ಹಿಂದುಳಿಯುತ್ತವೆ.

ಹಾಗಾದರೆ ಮರಗಳು ತಂಪನ್ನರಸಿ ಮೇಲೇರಬಾರದೆ? ಈ ವಾಮಂಜೂರನ್ನು ಹಾದುಹೋಗುವ ಹೆದ್ದಾರಿಯು ಮೂಡುಬಿದಿರೆ, ಕಾರ್ಕಳಗಳನ್ನು ದಾಟಿ, ಕುದುರೆಮುಖದ ಕಾಡಿನಲ್ಲಿ ಘಟ್ಟವನ್ನೇರಿ ಶೃಂಗೇರಿಯತ್ತ ಹೋಗುತ್ತದೆ. ಇಲ್ಲಿ ಬೆವರೊರಸಿಕೊಂಡು ಬಸ್ಸು ಹತ್ತಿದವರು ಅಲ್ಲಿ ಶಾಲು ಹೊದೆಯುತ್ತಾರೆ. 1,000 ಮೀಟರು ಏರಿದರೆ ಸುಮಾರು 6 ಡಿಗ್ರಿಯಷ್ಟು ಉಷ್ಣತೆ ಇಳಿಯುವುದರಿಂದ, ಲೋಕ 1 ಡಿಗ್ರಿ ಬಿಸಿಯೇರಿದಾಗ ಹಿಂದಿನ ತಂಪನ್ನೇ ಬಯಸುವ ಮರವು ಸುಮಾರು 170 ಮೀಟರಿನಷ್ಟು ಮೇಲೆ ನೆಲೆಗಾಣಬೇಕಾಗುತ್ತದೆ. ದಕ್ಷಿಣ ಅಮೆರಿಕದ ಪೆರು ದೇಶದ ಆಂಡೀಸ್ ಪರ್ವತಗಳಲ್ಲಿ ಮರಗಳ ವಂಶಗಳು ವರ್ಷಕ್ಕೆ ಸರಾಸರಿ 2.5ರಿಂದ 3.5 ಮೀಟರಿನಂತೆ ಮೇಲೆ ಸರಿಯುತ್ತಿರುವುದನ್ನು ವಿಜ್ಞಾನಿಗಳು 2011ರಲ್ಲಿ ವರದಿಮಾಡಿದರು. ಉಷ್ಣತೆಯ ಓಟಕ್ಕೆ ಆ ನಡಿಗೆ ಸಾಲದು. ಮಂಗಟ್ಟೆ ಹಕ್ಕಿ ನುಂಗಿ ಒಯ್ಯುವ ಬೀಜಗಳಿಗೆ ಒಂದು ದಾರಿಯುಂಟು, ಹಕ್ಕಿ ಉಳಿದಿದ್ದರೆ. ಉರುಳಿದರೆ ಇಳಿಜಾರಿನತ್ತಲೇ ಉರುಳುವ ಈ ಕಾಯಿಗೆ ಯಾವ ದಾರಿ? ಇನ್ನು ಶಿಖರದ ಮಗ್ಗುಲಿನ ಶೋಲಾ ಕಾಡಿನ ಮರಗಳಿಗೆ ಏರಲು ಮತ್ತೆ ನೆಲವೇ ಇಲ್ಲ. ಪ್ರಾಚೀನ ಹಿಮಯುಗದ ಶುಷ್ಕಕಾಲದಲ್ಲಿ ಹುಲ್ಲು ಹಬ್ಬಿ, ಮಳೆ ಬಲಿತಾಗ ಕಾಡು ಮರಳಿತೆಂದು ನೀಲಗಿರಿಯ ಜವುಗುಮಣ್ಣಿನ ಪದರಗಳು ಹೇಳುತ್ತವೆ, ನಿಜ. ಆದರೆ ಅಂದು ಸಾವಿರಾರು ವರ್ಷಗಳ ಬಿಡುವಿತ್ತು, ನಡುವೆ ತೋಟ, ರಸ್ತೆ, ಜಲಾಶಯಗಳಿರಲಿಲ್ಲ.

ಏರಲಾಗದ ಮರಗಳನ್ನು ನಾವೇ ನೆಟ್ಟು ಸಾಕಿದರೆ ಸಾಲದೆ? ಶಿವರಾಮ ಕಾರಂತರ ಹೆಸರನ್ನು ಹೊತ್ತ ಪಿಲಿಕುಳದ ನಿಸರ್ಗಧಾಮದಲ್ಲಿ ಪಶ್ಚಿಮಘಟ್ಟದ ವೃಕ್ಷಗಳ ವನವೊಂದು ತಮ್ಮ ನೆರೆಯಲ್ಲೇ ಇದೆ. ಅದನ್ನು ಕಂಡವರು ಘಟ್ಟದ ಮರ ಕರಾವಳಿಯ ಸೆಕೆಯಲ್ಲಿಯೂ ಬದುಕೀತೆಂದು ಸಮಾಧಾನಪಟ್ಟುಕೊಳ್ಳುವುದುಂಟು. ನಾನು ಅಷ್ಟು ಬೇಗ ಸಮಾಧಾನಪಡಲಾರೆ. ಬೇಸಗೆಯಲ್ಲಿ ನೀರೆರೆದು ಸಾಕಿದ ಮರ ಬದುಕುವುದು ಸಾಕಿದವರ ಪುಣ್ಯ. ಯಾರೂ ನೀರೆರೆಯದ ಸಸಿ ಅದರ ಬುಡದಲ್ಲಿ ತಾನಾಗಿ ಎದ್ದು, ಎರಡು ಬೇಸಗೆಗಳನ್ನು ಕಳೆದುದಾದರೆ ಆಗ ಮಾತ್ರ ಆ ನೆಲವನ್ನು ಆ ಮರದ ನೆಲವೆನ್ನಬಹುದು. ಆದಕಾರಣ ಆ ವನವನ್ನು ಹೊಕ್ಕಾಗ ತಾವು ತಲೆಯೆತ್ತಿ ನೋಡಿದಷ್ಟೇ ಹೊತ್ತು ತಲೆತಗ್ಗಿಸಿಯೂ ನೋಡಬೇಕು.

ಪ್ರದರ್ಶನವು ಉದ್ಘಾಟನೆಗೊಂಡಿತೆಂದು ಸಂತೋಷದಿಂದ ಸಾರುತ್ತೇನೆ. ಧೂಪದ ಕಾಯಿಗಳನ್ನು ಒಯ್ಯುವವರು ದಯವಿಟ್ಟು ಜಗಲಿಯಲ್ಲಿ ಒಣಹಾಕದೆ, ಇಂದು ಸಂಜೆಯೇ ಒದ್ದೆಮಣ್ಣಿಗೆ ಸೇರಿಸಬೇಕು, ನಾಳೆಯೆಂದರೆ ತಡವಾದೀತು.