ಮುಗಿಯುವ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಅಮೆರಿಕದಲ್ಲಿ ಇಷ್ಟು ವರ್ಷ ಇದ್ದವನು ಏನಾದರೂ ದೊಡ್ಡ ವಿಷಯ ಹೇಳುತ್ತಾನೆಂದು ಸಮಿತಿಯವರು ನನ್ನನ್ನು ಕರೆದಿದ್ದಾರೆ. ನಾನು ಆರಿಸಿಕೊಂಡಿರುವುದು ಸಣ್ಣ ವಿಷಯ. ಅಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ನಮಗೆ ಕ್ರಿಕೆಟ್ ಹೇಗೋ ಅವರಿಗೆ ಅದು ಹಾಗೆ. ಒಂದೊಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಆಟಗಾರರ ಚಿತ್ರಗಳನ್ನು ಇಸ್ಪೀಟು ಎಲೆಯ ಅಳತೆಯ ಕಾರ್ಡುಗಳಲ್ಲಿ ಅಚ್ಚು ಮಾಡಿ ಮಾರುತ್ತಾರೆ. ಇದೇ ಶಾಲೆಯಲ್ಲಿದ್ದಾಗ ನಾವು ಬೆಂಕಿಪೊಟ್ಟಣದ ಚಿತ್ರ ಕೂಡಿಡುತ್ತಿದ್ದೆವಲ್ಲ, ಹಾಗೆಯೇ ಅಲ್ಲಿ ನಾನು ಈ ಕಾರ್ಡುಗಳನ್ನು ಕೂಡಿಟ್ಟೆ. ಈಗ ಹೊಸದನ್ನು ಕೊಳ್ಳುವ ಮನಸ್ಸಿಲ್ಲ. ಅದು ಯಾಕೆ ಹೋಯಿತು ಎಂಬುದನ್ನೇ ಹೇಳುತ್ತೇನೆ.

ನಾನು ಓಹಾಯೋ ರಾಜ್ಯದ ಸಿನ್ಸಿನಾಟಿಗೆ ಕೆಲಸಕ್ಕೆ ಹೋದದ್ದು 1989ರಲ್ಲಿ. ಊಟದ ಹೊತ್ತಿಗೆ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಬೇಸ್‌ಬಾಲ್. ನನಗೆ ಒಂದಕ್ಷರವೂ ತಿಳಿಯದು. ಪಕ್ಕದ ಮೇಜಿನವರೊಬ್ಬರು ಕಾರ್ಡುಗಳ ಪೊಟ್ಟಣವೊಂದನ್ನು ಕೈಗಿತ್ತು, ಚಿತ್ರ ನೋಡಬೇಡ, ಹಿಂಭಾಗ ಓದು ಅಂದರು. ಹಿಂಭಾಗದಲ್ಲಿ ಆಟಗಾರನ ಎತ್ತರ, ತೂಕ, ಹುಟ್ಟಿದ ಊರು, ವರ್ಷವರ್ಷದ ಆಟದ ಲೆಕ್ಕ ಎಲ್ಲ ಇರುತ್ತಿತ್ತು. ಡೊಮಿನಿಕನ್ ಗಣರಾಜ್ಯದ ಸ್ಯಾನ್ ಪೆಡ್ರೊ ಡಿ ಮಕೊರಿಸ್ ಎಂಬ ಊರಿನ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ವಿಚಾರಿಸಿದರೆ, ಅದು ಸಕ್ಕರೆ ಕಾರ್ಖಾನೆಗಳ ಊರು. ಕಬ್ಬಿನ ಗದ್ದೆಯ ಕಡೆಯಿಂದ ಬಂದ ಹುಡುಗರು ಅಷ್ಟು ದೂರ ಬಂದು ಆಡುತ್ತಿದ್ದಾರೆಂದು ತಿಳಿದ ಮೇಲೆ ಆ ದೇಶ ನನಗೆ ಅಷ್ಟೇನೂ ಪರದೇಶ ಅನ್ನಿಸಲಿಲ್ಲ. ಮರುವರ್ಷ, 1990ರಲ್ಲಿ, ನಮ್ಮ ಸಿನ್ಸಿನಾಟಿ ರೆಡ್ಸ್ ತಂಡ ವರ್ಲ್ಡ್ ಸೀರೀಸ್ ಗೆದ್ದಾಗ ನಾನೂ ಎಲ್ಲರಂತೆ ಬೀದಿಗಿಳಿದು ಕೂಗಿದೆ.

ಟಾಪ್ಸ್ ಕಂಪನಿಯ ಆಗಿನ ವರ್ಷದ ಸೆಟ್ಟಿನಲ್ಲಿ 792 ಕಾರ್ಡು. ಪೊಟ್ಟಣದಲ್ಲಿ ಯಾರು ಬರುತ್ತಾರೋ ಗೊತ್ತಿಲ್ಲ. ಗೆರೆ ಹಾಕಿದ ನೋಟುಪುಸ್ತಕದಲ್ಲಿ 1ರಿಂದ 792ರವರೆಗೆ ಬರೆದುಕೊಂಡು, ಸಿಕ್ಕಿದ್ದನ್ನು ಹೊಡೆದುಹಾಕುತ್ತ ಹೋಗುತ್ತಿದ್ದೆ. ಎರಡೆರಡು ಬಂದರೆ ಬೀದಿಯ ಹುಡುಗರೊಡನೆ ಅದಲುಬದಲು. ಆಮೇಲೆ ಮಗಳು ಜೊತೆಯಾದಳು. ಅವಳು ಭಾಗಾಕಾರ ಕಲಿತದ್ದೇ ಈ ಕಾರ್ಡುಗಳಿಂದ: ಆಟಗಾರ ಎಷ್ಟು ಸಲ ಹೊಡೆದ, ಎಷ್ಟು ಅವಕಾಶದಲ್ಲಿ ಹೊಡೆದ, ಸರಾಸರಿ ಎಷ್ಟು. ಕೊನೆಯ ಸಂಖ್ಯೆ ಹೊಡೆದುಹಾಕಿದ ದಿನ ಮನೆಯಲ್ಲಿ ಪಾಯಸ ಮಾಡಿಸಿದ್ದೂ ಉಂಟು.

ಇನ್ನು ಉತ್ಸಾಹ ಹೋದ ಕಥೆ. 1952ರಲ್ಲಿ ಟಾಪ್ಸ್ 407 ಕಾರ್ಡುಗಳ ಸೆಟ್ಟು ತಂದಿತು. ಅದರಲ್ಲಿ ಮಾರಾಟವಾಗದೆ ಉಳಿದದ್ದನ್ನು 1960ರಲ್ಲಿ ದೋಣಿಯಲ್ಲಿ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆ ಎಂದು ಕಂಪನಿಯ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದರು. ಅದೇ ಸೆಟ್ಟಿನ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಹಳೆಯ ಕಾರ್ಡಿಗೆ ಹಣ ಬರುತ್ತದೆಂಬ ಸುದ್ದಿ 1980ರ ದಶಕದಲ್ಲೇ ಹಬ್ಬಿ, ಜನ ಪೆಟ್ಟಿಗೆಗಟ್ಟಲೆ ಕೊಂಡು ಅಟ್ಟಕ್ಕೆ ಹಾಕತೊಡಗಿದರು. ಕಂಪನಿಗಳು ಹೆಚ್ಚಾದವು, ಅಚ್ಚು ಹೆಚ್ಚಾಯಿತು. ಎಲ್ಲರ ಅಟ್ಟದಲ್ಲೂ ಇರುವುದಕ್ಕೆ ಬೆಲೆ ಎಲ್ಲಿಂದ ಬರಬೇಕು? 1994ರಲ್ಲಿ ಆಟಗಾರರ ಮುಷ್ಕರದಿಂದ ವರ್ಲ್ಡ್ ಸೀರೀಸೇ ನಿಂತುಹೋಗಿ, ಕಾರ್ಡಿನ ಪೇಟೆಗೂ ಪೆಟ್ಟು ಬಿತ್ತು.

ಹಿಂದೆ ಕಾರ್ಡುಗಳು ತಾವಾಗಿ ಅಪರೂಪವಾಗುತ್ತಿದ್ದವು. ಮಕ್ಕಳು ಸೈಕಲ್ ಚಕ್ರಕ್ಕೆ ಸಿಕ್ಕಿಸಿ ಹಾಳುಮಾಡುತ್ತಿದ್ದರು, ತಾಯಂದಿರು ಗುಡಿಸಿ ಎಸೆಯುತ್ತಿದ್ದರು. ಬರಬರುತ್ತ ಅಪರೂಪವನ್ನೇ ಅಚ್ಚು ಹಾಕುವ ಕಾಲ ಬಂತು. ಒಬ್ಬನೇ ಆಟಗಾರ, ಒಂದೇ ಚಿತ್ರ; ಚಿನ್ನದ ಅಂಚಿನದು ಇಷ್ಟು, ಕಪ್ಪು ಅಂಚಿನದು ಇಷ್ಟು, ಅಂಗಿಯ ಚೂರು ಅಂಟಿಸಿದ್ದು ಇನ್ನಷ್ಟು. ಕೆಲವು ಇಡೀ ಲೋಕಕ್ಕೆ ಒಂದೇ ಒಂದು. ಆ ಒಂದು ಬೇರೆಯವರ ಮನೆ ಸೇರಿದರೆ ನನ್ನ ಲೆಕ್ಕ ಮುಗಿಯುವುದು ಯಾವಾಗ? ವರ್ಷಕ್ಕೊಂದೆರಡು ಸೆಟ್ಟು ಬರುತ್ತಿದ್ದದ್ದು ತಿಂಗಳು ತಿಂಗಳೂ ಬರತೊಡಗಿತು. ಯಾವುದನ್ನೂ ಕಾಯಬೇಕಾಗಿರಲಿಲ್ಲ.

ಅಂಗಡಿಯಲ್ಲಿ ಹುಡುಗರೂ ಕಡಿಮೆಯಾದರು. ಒಮ್ಮೆ ನನ್ನ ವಯಸ್ಸಿನವರೊಬ್ಬರು ಪೊಟ್ಟಣದ ಮೇಲೆ ಪೊಟ್ಟಣ ಒಡೆದು, ಬೆಲೆಬಾಳುವುದೊಂದನ್ನು ಜೇಬಿಗಿಳಿಸಿ, ಉಳಿದದ್ದನ್ನೆಲ್ಲ ಕೌಂಟರಿನ ಮೇಲೇ ಬಿಟ್ಟು ಹೋದರು. ಮಗಳು ಅಂಗಡಿಯವರನ್ನು ಕೇಳಿ ಅವನ್ನು ತಂದಳು. ಅವಳ ಪಟ್ಟಿಯ ಎಷ್ಟೋ ಸಂಖ್ಯೆಗಳು ಅದರಲ್ಲಿದ್ದವು. ಬಿಟ್ಟು ಹೋದವರಿಗೆ ಆ ಆಟಗಾರರ ಹೆಸರೂ ಬೇಕಾಗಿರಲಿಲ್ಲ. ಅವಳು ಕಾಲೇಜಿಗೆ ಹೋದ ವರ್ಷ ನಾನು ಹೊಸ ಸೆಟ್ಟು ಕೊಳ್ಳಲಿಲ್ಲ. ಮುಂದಿನ ವರ್ಷ ಕೊಳ್ಳಬೇಕೆಂದು ನೆನಪಾಗಲೂ ಇಲ್ಲ. ಆಟ ಮಾತ್ರ ಬಿಟ್ಟಿಲ್ಲ. ಈಗಲೂ ಸಂಜೆ ರೇಡಿಯೋದಲ್ಲಿ ಕೇಳುತ್ತೇನೆ.

ಮಕ್ಕಳೆ, ಹವ್ಯಾಸ ಬೇಡವೆಂದು ನಾನು ಹೇಳುತ್ತಿಲ್ಲ. ಅಂಚೆಚೀಟಿಯೋ, ನಾಣ್ಯವೋ, ಊರ ಗಿಡಗಳ ಎಲೆಯೋ, ಏನನ್ನಾದರೂ ಕೂಡಿಡಿ. ಆದರೆ ಮುಗಿಯುವ ಲೆಕ್ಕವನ್ನು ಆರಿಸಿಕೊಳ್ಳಿ. ಸಿಕ್ಕಿದ್ದರ ಹಿಂಭಾಗ ಓದಿ. ಬದಲಾಯಿಸಿಕೊಳ್ಳಲು ಒಬ್ಬ ಜೊತೆಗಾರನಿರಲಿ. ಇವು ಮೂರೂ ಇಲ್ಲದಿದ್ದರೆ ಕೈಯಲ್ಲಿ ಉಳಿಯುವುದು ಕೊಂಡ ವಸ್ತು ಮಾತ್ರ.

ನಮಗೂ ಅಂಥ ಲೆಕ್ಕವೊಂದು ಬಾಕಿ ಇದೆ. 1980ರಲ್ಲಿ ನಮ್ಮ ಹತ್ತನೆಯ ತರಗತಿಯ ಹಾಜರಿಯಲ್ಲಿ 41 ಹೆಸರುಗಳಿದ್ದವು. ಈ ಸಂಪುಟಕ್ಕಾಗಿ ಸಮಿತಿಯವರು ಮಾಡಿದ ಪಟ್ಟಿಯನ್ನು ನಿನ್ನೆ ನೋಡಿದೆ. ಅದರಲ್ಲಿ 11 ಹೆಸರುಗಳ ಮುಂದೆ ವಿಳಾಸದ ಜಾಗ ಖಾಲಿ ಇದೆ. ಹೆಚ್ಚಿನವು ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳವು. ಇಲ್ಲಿರುವ ಅಕ್ಕ ತಂಗಿಯರಲ್ಲಿ ಯಾರಿಗಾದರೂ ಅವರ ಸುಳಿವಿದ್ದರೆ ಊಟದ ಹೊತ್ತಿಗೆ ನನಗೆ ತಿಳಿಸಿ. ನೋಟುಪುಸ್ತಕ ತಂದಿದ್ದೇನೆ, ಇನ್ನೂ ಹದಿನೈದು ದಿನ ಊರಲ್ಲೇ ಇರುತ್ತೇನೆ.