ಸಂಕಟ ತಾಳುವ ಕಲೆ

ದುಬೈಯ ಸತ್ವಾದಲ್ಲಿ ಬಟ್ಟೆ ಅಂಗಡಿ, ದರ್ಜಿ ಅಂಗಡಿಗಳ ಹಿಂದಿನ ಗಲ್ಲಿಗಳಲ್ಲಿ ಬೆಡ್‌ಸ್ಪೇಸ್ ಬಾಡಿಗೆಗೆ ಸಿಗುತ್ತದೆ. ಕೋಣೆಯಲ್ಲ, ಮಂಚ ಮಾತ್ರ. ಸುತ್ತ ಒಂದು ಪರದೆ. ಊರಿಂದ ಕೆಟ್ಟ ಸುದ್ದಿ ಬಂದರೂ ಗಟ್ಟಿಯಾಗಿ ಅಳುವ ಹಾಗಿಲ್ಲ. ಪಕ್ಕದವನಿಗೆ ಬೆಳಗಿನ ಪಾಳಿ.

ಉಕ್ಕಿ ಬಂದ ಸಂಕಟವನ್ನು ತಾಳುವ ದಾರಿ ಕಾಣದಾಗ ಕೆಲವರು ತಮ್ಮ ಮೈಗೇ ಗಾಯ ಮಾಡಿಕೊಳ್ಳುತ್ತಾರೆ. ಅದೆಲ್ಲ ನಾಟಕ ಅನ್ನುವವರುಂಟು. ನಾನು ಒಪ್ಪುವುದಿಲ್ಲ. ನಾಟಕವಾಗಿದ್ದರೆ ಸೆಕೆಯಲ್ಲೂ ತುಂಬುತೋಳಿನ ಅಂಗಿ ಹಾಕಿ ಯಾಕೆ ಮುಚ್ಚಿಡಬೇಕು? ಆದರೆ ಗಾಯ ಮಾಡಿಕೊಂಡರೆ ಸಂಕಟವೇನೂ ಹೋಗಿಬಿಡುವುದಿಲ್ಲ, ನಾಚಿಕೆಯನ್ನೂ ಜೊತೆಗೆ ಕರಕೊಂಡು ಮರಳುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹಾನ್ ಇಂಥವರಿಗಾಗಿ ಡಿಬಿಟಿ ಎಂಬ ಚಿಕಿತ್ಸೆ ರೂಪಿಸಿದರು. ಹರೆಯದಲ್ಲಿ ತಾವೂ ಈ ಕಷ್ಟ ಉಂಡವರೆಂದು 2011ರಲ್ಲಿ ಬಹಿರಂಗವಾಗಿ ಹೇಳಿದರು. ಸಂಕಟ ತಾಳುವುದನ್ನು ಈಜಿನಂತೆ ಕಲಿಯಬಹುದು, ಕಲಿಸಲೂಬಹುದು ಎಂಬುದು ಆ ಚಿಕಿತ್ಸೆಯ ತಿರುಳು. ಅದರಲ್ಲಿ ಕಲಿಸುವ ಒಂದು ಉಪಾಯ: ಮುಖಕ್ಕೆ ತಣ್ಣೀರು ಹಾಕಿಕೊಂಡರೆ ಎದೆಬಡಿತ ನಿಧಾನವಾಗುತ್ತದೆ. ಜುಲೈ ತಿಂಗಳಲ್ಲಿ ಸತ್ವಾದ ನಲ್ಲಿಯಲ್ಲಿ ಬರುವುದು ಬಿಸಿನೀರೇ ಅನ್ನಿ! ಫ್ರಿಜ್ಜಿನ ಬಾಟಲಿಯಾದೀತು.

ಗೆಳೆಯನ ತೋಳಲ್ಲಿ ಗಾಯ ಕಂಡರೆ ಬೈಯಬೇಡಿ. ಕೆಳಗಿಳಿದು ಚಹಾ ಕುಡಿಸಿ, ಏನಾಯ್ತೆಂದು ಕೇಳಿ, ವೈದ್ಯರ ಬಳಿಗೆ ಜೊತೆಗೆ ಹೋಗಿ. ಎಮಿರೇಟ್ಸ್‌ನಲ್ಲಿ ಮನಸ್ಸಿನ ನೆರವಿಗೆ 800 4673 ಇದೆ. ಊರಲ್ಲಿರುವ ಮನೆಯವರು ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.